ಶನಿವಾರ ತೊಟ್ಟ ಕಪ್ಪು ನಿಲುವಂಗಿ

ಆ ನಟರ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು 'ಅವರಿಗೂ ಒಂದು ಅಭಿಮಾನಿ ಸಂಘ ಇತ್ತೇ?' ಎಂದು ನಗುತ್ತಾರೆ, ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ. ಇತ್ತು ಸ್ವಾಮಿ. ಗುಂಡ್ಲುಪೇಟೆಯೊಂದರಲ್ಲೇ ನಾವು ಹನ್ನೊಂದು ಜನ ಇದ್ದೆವು. ಕಪ್ಪು ಬಿಳುಪಿನ ಕಾಲದಲ್ಲಿ ಅವರು ರಾಜನ ಪಾತ್ರಗಳನ್ನು ಮಾಡಿದ್ದರು, ಆಮೇಲೆ ನಾಯಕಿಯ ಅಪ್ಪನಾದರು, ತೊಂಬತ್ತರ ದಶಕ ಬರುವ ಹೊತ್ತಿಗೆ ಅದೂ ನಿಂತಿತ್ತು. ಬಸ್ ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿನ ಬೆಂಚಿನ ಮೇಲೆ ಸಂಜೆ ಕೂತು ಅವರ ಹಳೆಯ ಮಾತುಗಳನ್ನು ಒಪ್ಪಿಸುವುದೇ ನಮ್ಮ ಸಂಘದ ಕೆಲಸ.

ನಾನು ಟೈಲರ್. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಮೆಷಿನ್ನಿನ ಅಂಗಡಿ. ಬೆಳಗ್ಗೆಯಿಂದ ಪೆಡಲ್ ತುಳಿದು ಸಂಜೆಗೆ ಕಾಲು ಊದಿಕೊಳ್ಳುತ್ತಿತ್ತು, ಆದರೂ ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ, ಬೆಂಚಿಗೆ ಹೋಗುತ್ತಿದ್ದೆ. ಅಭಿಮಾನ ಒಂದು ಕಾರಣ. ಇನ್ನೊಂದು ಕಾರಣ ಮನೆ.

ಮನೆಯಲ್ಲಿ ಹೆಂಡತಿ ಒಬ್ಬಳೇ ಇರುತ್ತಿದ್ದಳು. ನಾನು ಹೇಳುತ್ತಿರುವ ವರ್ಷಕ್ಕೆ ಎರಡು ವರ್ಷ ಮುಂಚೆ ನಮ್ಮ ಹನ್ನೊಂದು ತಿಂಗಳ ಹೆಣ್ಣು ಮಗು ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಿತ್ತು. ಅವತ್ತಿನಿಂದ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. 'ಊಟ ಆಗ್ಯದೆ', 'ನೀರು ಕಾದದೆ', ಅಷ್ಟೇ. ಅವಳ ತವರು ಬೇಗೂರಿನಲ್ಲಿ ಯಾರೋ ಶಾಸ್ತ್ರ ಹೇಳುವವರು ಅವಳ ಜಾತಕ ನೋಡಿ ಏಳೂವರೆ ವರ್ಷದ ಶನಿ ಹೆಗಲೇರಿದ್ದಾನೆ ಎಂದಿದ್ದರು. ಮಗು ಹೋದದ್ದು ತನ್ನಿಂದಲೇ ಎಂದು ಅವಳು ಅವತ್ತೇ ತೀರ್ಮಾನ ಮಾಡಿಕೊಂಡುಬಿಟ್ಟಳು. ಪ್ರತಿ ಶನಿವಾರ ಎಳ್ಳನ್ನು ಕರಿ ಬಟ್ಟೆಯಲ್ಲಿ ಗಂಟು ಕಟ್ಟಿ, ಎಣ್ಣೆಯಲ್ಲಿ ಅದ್ದಿ, ಜಗಲಿಯ ಮೇಲೆ ದೀಪ ಹಚ್ಚುತ್ತಿದ್ದಳು. ಆ ದೀಪವನ್ನು ನಮ್ಮ ಕಡೆ ಯಾರೂ ಹೊಸಿಲ ಒಳಗೆ ಹಚ್ಚುವುದಿಲ್ಲ. ಶನಿದೇವರು ಬಾಗಿಲ ಹೊರಗೆ ನಿಂತು ಪೂಜೆ ತಗೊಂಡು ಹೋಗಬೇಕು.

ನನಗೆ ಆ ದೀಪ ಕಂಡರೆ ಆಗುತ್ತಿರಲಿಲ್ಲ. ಸಮಾಧಾನ ಹೇಳಿ ಹೇಳಿ ಸಾಕಾಗಿ, ಹೇಳುವುದನ್ನೇ ಬಿಟ್ಟಿದ್ದೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಮಗು ಹೋದ ದುಃಖ ನನಗೂ ಇತ್ತು, ಆದರೆ ಅದಕ್ಕಿಂತ ದಣಿವು ಜಾಸ್ತಿ ಇತ್ತು. ಮನೆಗೆ ಹೋದರೆ ಮೈಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಆಗುತ್ತಿತ್ತು.

ಆ ವರ್ಷ ಉಡಿಗಾಲದಿಂದ ನನ್ನ ಅಕ್ಕ ಬಂದಳು. ನನ್ನನ್ನು ಸಾಕಿದವಳು ಅವಳೇ, ಹಾಗಾಗಿ ಅವಳ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ಊಟಕ್ಕೆ ಕೂತಾಗ, ಹೆಂಡತಿ ಅಡುಗೆ ಮನೆಯಲ್ಲಿ ಇದ್ದಾಳೆ ಅನ್ನುವುದು ಗೊತ್ತಿದ್ದೂ, ಸಣ್ಣ ದನಿ ಕೂಡ ಮಾಡದೆ ಹೇಳಿದಳು.

"ಎಷ್ಟು ದಿಸ ಅಂತ ಇಂಗೇ ಇದ್ದೀಯಪ್ಪ? ಅವಳ ಬುಟ್ಟು ಇನ್ನೊಂದು ಮಾಡ್ಕ. ಸಂತೆಮರಹಳ್ಳೀಲಿ ನಿಮ್ಮ ಬಾವನ ಕಡೇವ್ರದು ಒಂದು ಎಣ್ಣದೆ. ಬಂದು ನೋಡು, ಆಮೇಲೆ ಮಾತು."

ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆ ನುಂಗಿ ಕೈ ತೊಳೆದೆ. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಅದೇ ತಿಂಗಳು ಚಾಮರಾಜನಗರದಲ್ಲಿ ಅಭಿಮಾನಿಗಳ ಸಮ್ಮೇಳನ ಎಂದು ಗೊತ್ತಾಯಿತು. ನಟರು ತಾವೇ ಬರುತ್ತಾರೆ, ಅವರ ಪಾತ್ರಗಳ ವೇಷದಲ್ಲಿ ಬಂದವರನ್ನು ವೇದಿಕೆ ಮೇಲೆ ಅವರ ಪಕ್ಕ ನಿಲ್ಲಿಸಿ ಫೋಟೋ ತೆಗೆಸುತ್ತಾರೆ ಎಂದು ಸುದ್ದಿ. ಭಾನುವಾರ ಛತ್ರದಲ್ಲಿ ಮದುವೆ ಇದ್ದದ್ದರಿಂದ ಸಮ್ಮೇಳನ ಶನಿವಾರ. ಅಕ್ಕನಿಗೂ ಅದು ಒಳ್ಳೆಯದೇ ಆಯಿತು. "ಅಂಗೇ ಸಂಜೆ ಬಸ್ಸಿಗೆ ಸಂತೆಮರಹಳ್ಳಿಗೆ ಬಾ, ನಾನೂ ಅಲ್ಲೇ ಇರ್ತೀನಿ, ಬೆಳಗ್ಗೆ ಎಣ್ಣು ನೋಡನ" ಎಂದು ಹೇಳಿ ಕಳಿಸಿದಳು. ಸುದ್ದಿ ತಂದವನು ಅದನ್ನು ಹೆಂಡತಿಯ ಎದುರಿಗೇ ಹೇಳಿದ.

ವೇಷ ಯಾವುದು ಎನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಒಂದು ಚಿತ್ರದ ಕೊನೆಯಲ್ಲಿ ಅವರು ಹಿಮ್ಮಡಿಯ ತನಕ ಇಳಿಬಿದ್ದ ನಿಲುವಂಗಿ ತೊಟ್ಟು, ಕಿರೀಟ ಇಟ್ಟು, ಮೆಟ್ಟಿಲು ಇಳಿದು ಬರುತ್ತಾರೆ. ಚಿಕ್ಕವನಿದ್ದಾಗ ಟೆಂಟಿನಲ್ಲಿ ಆರು ಸಲ ನೋಡಿದ್ದೆ. ತೋಳಿನ ಕತ್ತರಿಕೆ, ಕಾಲರಿನ ಮಡಿಕೆ, ಬೆನ್ನಿನ ಹೊಲಿಗೆ ಎಲ್ಲವೂ ಕಣ್ಣಲ್ಲೇ ಇತ್ತು. ಬಣ್ಣ ಕಪ್ಪು. ಪರದೆಯ ಮೇಲೆ ಅಪ್ಪಟ ಕಪ್ಪಾಗಿಯೇ ಕಂಡಿತ್ತು. ಕಪ್ಪು ವೆಲ್ವೆಟ್ ಬಟ್ಟೆ ತಂದು ಮನೆಯಲ್ಲಿ ಹರವಿದೆ. ಹೆಂಡತಿಯೂ ಬೇಗೂರಿನ ಟೆಂಟಿನಲ್ಲಿ ಅದೇ ಚಿತ್ರ ನೋಡಿದವಳು, ಹಾಗಾಗಿ ಕೇಳಿದೆ. "ಇದೇ ಬಣ್ಣ ಅಲ್ವಾ?"

ಅವಳು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ತುಂಬಾ ಹೊತ್ತು ನೋಡಿದಳು ಅಂತ ಆಮೇಲೆ ನೆನಪಾಯಿತು. "ಅದೇಯಾ" ಎಂದಳು.

ಎಂಟು ದಿನ ಗಿರಾಕಿಗಳ ಕೈಲಿ ಬೈಸಿಕೊಂಡು ಅದನ್ನು ಹೊಲಿದೆ. ರಟ್ಟಿಗೆ ಜರಿ ಕಾಗದ ಅಂಟಿಸಿ ಕಿರೀಟ ಮಾಡಿದೆ. ಶನಿವಾರ ಬೆಳಗ್ಗೆ ಆಳೆತ್ತರದ ಕನ್ನಡಿ ಇರುವುದು ಅಂಗಡಿಯಲ್ಲೇ ಆದ್ದರಿಂದ ಅಲ್ಲೇ ವೇಷ ಕಟ್ಟಿ, ಕಾಡಿಗೆಯಲ್ಲಿ ಮೀಸೆ ತೀಡಿಕೊಂಡು, ಬ್ಯಾಗು ತಗೊಳ್ಳಲು ಮನೆಗೆ ಬಂದೆ. ಅವಳು ಹೊಸಿಲಲ್ಲಿ ಅಡ್ಡ ನಿಂತಳು.

"ಒಳೀಕೆ ಬರ್ಬ್ಯಾಡಿ. ನೆಲ ಒರೆಸಿವ್ನಿ."

ಬ್ಯಾಗನ್ನು ಹೊಸಿಲ ಮೇಲಿಂದ ಚಾಚಿದಳು. ಒಳಗೆ ಬಿಳಿ ಶರ್ಟು, ಪಂಚೆ ಇತ್ತು, ಇಸ್ತ್ರಿ ಮಾಡಿದ್ದು. ಹೆಣ್ಣು ನೋಡಲು ಹೋಗುವಾಗ ಹಾಕಿಕೊಳ್ಳುವ ಬಟ್ಟೆಯನ್ನು ಅವಳೇ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು. ನಾನು ಅವಳ ಮುಖ ನೋಡದೆ ತಗೊಂಡೆ. ಅವಳು ಮಾತ್ರ ನನ್ನನ್ನು ತಲೆಯಿಂದ ಕಾಲ ತನಕ ನೋಡಿದಳು, ಅಸಹ್ಯ ಪಡುತ್ತಿದ್ದಾಳೆ ಎಂದುಕೊಂಡೆ.

ಸಂಘದ ಉಳಿದವರು ಕೆಲಸ ಬಿಟ್ಟು ಬರಲಾಗದೆ ನಾನೊಬ್ಬನೇ ಹೊರಟೆ. ತೊಂದರೆ ಬಸ್ಸಿನಲ್ಲಿ ಶುರುವಾಯಿತು. ಹತ್ತಿದ ಕೂಡಲೇ ಮುಂದಿನ ಸೀಟಿನಲ್ಲಿದ್ದ ಇಬ್ಬರು ಎದ್ದು ನಿಂತರು. ಯಾಕೆ ಎಂದು ಗೊತ್ತಾಗದೆ ಕೂತೆ. ಪಕ್ಕಕ್ಕೆ ಯಾರೂ ಬರಲಿಲ್ಲ, ಬಸ್ಸು ತುಂಬಿ ಜನ ಒಬ್ಬರ ಮೇಲೊಬ್ಬರು ನಿಂತಿದ್ದರೂ ಬರಲಿಲ್ಲ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಕೇಳಿದ.

"ಇವತ್ತು ಯಾವೂರಲ್ಲಿ ಸನಿಮಾತ್ಮನ ಕಥೆ?"

ನನ್ನನ್ನು ನಾನೇ ಒಂದು ಸಲ ನೋಡಿಕೊಂಡೆ. ಶನಿವಾರ. ಕಪ್ಪು ಬಟ್ಟೆ. ತೊಡೆಯ ಮೇಲೆ ಕಿರೀಟ. ನಮ್ಮ ಸೀಮೆಯಲ್ಲಿ ಹರಕೆ ಹೊತ್ತವರ ಮನೆಯ ಮುಂದೆಲ್ಲಾ ಶನಿದೇವರ ನಾಟಕ ಆಡಿಸುತ್ತಾರೆ, ಕಪ್ಪು ವೇಷ ರಂಗಕ್ಕೆ ಬಂದರೆ ಕೂತವರೆಲ್ಲ ಎದ್ದು ಕಾಯಿ ಒಡೆಯುತ್ತಾರೆ. ಎಂಟು ದಿನ ಹೊಲಿದ ನನಗೆ ಇದು ಹೊಳೆಯಲೇ ಇಲ್ಲ.

"ಸನಿ ಅಲ್ಲ ಕಣಣ್ಣ, ರಾಜ" ಎಂದೆ. ನಟರ ಹೆಸರನ್ನೂ ಚಿತ್ರದ ಹೆಸರನ್ನೂ ಹೇಳಿದೆ. ಕಂಡಕ್ಟರಿಗೆ ಎರಡೂ ಗೊತ್ತಿರಲಿಲ್ಲ. ಅದು ನನಗೆ ಇನ್ನೂ ಬೇಜಾರು ತಂದಿತು.

ತೆರಕಣಾಂಬಿಯಲ್ಲಿ ಒಬ್ಬ ಮುದುಕಿ ಹತ್ತಿದಳು. ಕೈಯಲ್ಲಿ ಎಳ್ಳಿನ ಗಂಟು. ನನ್ನನ್ನು ಕಂಡವಳೇ ನನ್ನ ಕಾಲ ಹತ್ತಿರ ಬಸ್ಸಿನ ನೆಲದ ಮೇಲೆ ಕೂತುಬಿಟ್ಟಳು.

"ನಾನೇ ನಿನ್ನ ಗುಡೀಗೆ ಬತ್ತಿದ್ದೆ ಕಣಪ್ಪ. ನೀನೇ ಬಂದ್ಬುಟ್ಟೆ."

"ನಾನು ಅವನಲ್ಲ ಕಣವ್ವ. ಸಿನಿಮಾ ವೇಷ ಇದು. ಮೇಲಕ್ಕೆ ಏಳು."

"ನಾನೇ ಸನಿ ಅಂತ ಅವ ಯಾವತ್ತು ಒಪ್ಕಂಡವ್ನೆ?"

ಸುತ್ತ ನಿಂತವರು ಹೌದೆನ್ನುವಂತೆ ತಲೆ ಆಡಿಸಿದರು. ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಬಿಡಲಿಲ್ಲ, ನನ್ನ ನಿಲುವಂಗಿಯ ಅಂಚನ್ನು ಹಿಡಿದುಕೊಂಡೇ ತನ್ನ ಮಗಳ ಕಥೆ ಹೇಳಿದಳು. ಏಳೂವರೆ ವರ್ಷದ ಹಿಂದೆ ಗಂಡ ಬಿಟ್ಟವಳಂತೆ ಮಗಳು. ಮನೆಯ ಮೂಲೆ ಹಿಡಿದು ಕೂತವಳು ಎದ್ದಿಲ್ಲವಂತೆ.

"ಗಂಡ ಬುಟ್ಟ, ನೀ ಬುಡ್ನಿಲ್ಲ. ಏಳೂವರೆ ಆಯ್ತು ಕಣಪ್ಪ, ಲೆಕ್ಕ ಮುಗೀತು. ಒಂದು ಮಾತು ಬುಟ್ಟೆ ಅನ್ನು. ಅವಳಿಗೆ ಓಗಿ ಏಳ್ತೀನಿ."

ನಮ್ಮ ಕಡೆ 'ಬಿಟ್ಟೆ' ಎನ್ನುವುದು 'ಬುಟ್ಟೆ' ಆಗುತ್ತದೆ. ದಿನಕ್ಕೆ ನೂರು ಸಲ ಆಡುವ ಮಾತು. ಎಮ್ಮೆ ಕಟ್ಟು ಬಿಚ್ಚಿದರೂ ಬುಟ್ಟೆ, ಬೀಡಿ ಸೇದುವುದು ನಿಲ್ಲಿಸಿದರೂ ಬುಟ್ಟೆ, ಹೆಂಡತಿಯನ್ನು ತವರಿಗೆ ಅಟ್ಟಿದರೂ ಬುಟ್ಟೆ. ಆ ಮುದುಕಿಯ ಕೈಯಿಂದ ಅಂಚು ಬಿಡಿಸಿಕೊಳ್ಳುವುದಷ್ಟೇ ನನಗೆ ಬೇಕಿತ್ತು. ವೆಲ್ವೆಟ್ ಸುಕ್ಕಾಗುತ್ತಿತ್ತು.

"ಬುಟ್ಟೆ ಕಣವ್ವ. ಬುಟ್ಟೆ. ಓಗು."

ಅವಳು ನನ್ನ ಎರಡು ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮುಂದಿನ ಸ್ಟಾಪಿನಲ್ಲೇ ಬಸ್ಸು ನಿಲ್ಲಿಸಿ, ಗುಡಿಗೆ ಹೋಗುವ ಕೆಲಸ ಇನ್ನಿಲ್ಲ ಎಂದು ಹೇಳಿ, ವಾಪಸ್ ಊರಿನ ಕಡೆ ನಡೆದೇ ಹೊರಟಳು. ಎಳ್ಳಿನ ಗಂಟು ನನ್ನ ತೊಡೆಯ ಮೇಲೆ ಇತ್ತು. ಹಾಳು ಮುದುಕಿ ಎಂದು ಬೈದುಕೊಂಡೆ. ಆದರೆ ಅವಳ ಮಗಳು ಬಾಗಿಲ ಕಡೆ ನೋಡುತ್ತಾ ಕೂತಿರುವುದು ಚಾಮರಾಜನಗರ ಬರುವ ತನಕ ಕಣ್ಣ ಮುಂದೆಯೇ ಇತ್ತು, ಮತ್ತು ಆ ಮಗಳ ಮುಖ ನನ್ನ ಹೆಂಡತಿಯದೇ ಆಗಿತ್ತು.

ಛತ್ರದಲ್ಲಿ ಇನ್ನೂರು ಮುನ್ನೂರು ಜನ ಇದ್ದರು. ಅದೇ ನಿಲುವಂಗಿಯ ವೇಷದಲ್ಲಿ ನನ್ನನ್ನು ಬಿಟ್ಟು ಇನ್ನೂ ಐದು ಜನ ಬಂದಿದ್ದರು. ಐವರದೂ ಕಡುಗೆಂಪು.

"ಕರೀದು ಯಾಕ್ಲಾ ವೊಲ್ಸುದೆ?" ಎಂದ ಅವರಲ್ಲೊಬ್ಬ, ಮೈಸೂರಿನಿಂದ ಬಂದವನು. "ಅದು ಕೆಂಪಲ್ವಾ? ಕ್ಯಾಲೆಂಡರ್ ನೋಡಿಲ್ವಾ ನೀನು?"

ಚಿತ್ರ ಬಂದ ವರ್ಷ ಬಣ್ಣದ ಕ್ಯಾಲೆಂಡರ್ ಒಂದು ಬಂದಿತ್ತಂತೆ, ಅದರಲ್ಲಿ ನಿಲುವಂಗಿ ಕಡುಗೆಂಪಂತೆ. ಕಪ್ಪು ಬಿಳುಪಿನ ಪರದೆಯಲ್ಲಿ ಕಡುಗೆಂಪು ಕಪ್ಪಾಗಿಯೇ ಕಾಣುತ್ತದೆ ಎನ್ನುವುದು ಬಟ್ಟೆಯಲ್ಲೇ ಬದುಕಿದ ನನಗೆ ತಿಳಿಯಬೇಕಿತ್ತು. ತೋಳಿನ ಹೊಲಿಗೆಯನ್ನು ಕಣ್ಣಳತೆಯಲ್ಲಿ ಕದ್ದವನು ಬಣ್ಣದಲ್ಲಿ ಎಡವಿದ್ದೆ. ನನ್ನ ಕೆಲಸ ಆ ಐವರ ಕೆಲಸಕ್ಕಿಂತ ಎಷ್ಟೋ ಚೆನ್ನಾಗಿತ್ತು, ಇದನ್ನು ಜಂಬದಿಂದಲೇ ಹೇಳುತ್ತೇನೆ, ಆದರೆ ಅದನ್ನು ನೋಡುವವರು ಯಾರು? ವ್ಯವಸ್ಥಾಪಕರು ಬಂದು ಮರ್ಯಾದೆಯಿಂದಲೇ ಹೇಳಿದರು, ದೀಪ ಬೆಳಗಿಸುವ ಹೊತ್ತಿನಲ್ಲಿ ಈ ವೇಷ ಎದುರಿಗೆ ಬೇಡ, ಹಿಂದೆ ಬಾಗಿಲ ಹತ್ತಿರ ಕೂತುಕೊಳ್ಳಿ ಎಂದು.

ಕೂತೆ. ಭಾಷಣಗಳಾದವು. ಬೇಸಿಗೆಯ ಸೆಕೆಗೆ ವೆಲ್ವೆಟ್ಟಿನ ಒಳಗೆ ಬೆವರು ಹರಿದು ಬೆನ್ನಿಗೆ ಅಂಟಿತು, ಕಾಡಿಗೆ ಮೀಸೆ ತುಟಿಗೆ ಇಳಿಯಿತು. ಮಧ್ಯಾಹ್ನ ಮೂರು ಗಂಟೆಗೆ ನಟರು ಬಂದರು. ವಯಸ್ಸಾಗಿತ್ತು, ಕುತ್ತಿಗೆಗೆ ಮಫ್ಲರ್ ಸುತ್ತಿದ್ದರು. ಬಾಗಿಲ ಹತ್ತಿರ ಕೂತಿದ್ದ ನಾನೇ ಮೊದಲು ಅವರ ಕಣ್ಣಿಗೆ ಬಿದ್ದೆ. ಇಪ್ಪತ್ತು ವರ್ಷ ಕಾದ ಗಳಿಗೆ. ಎದ್ದು ನಿಂತು ಕಿರೀಟ ಸರಿ ಮಾಡಿಕೊಂಡೆ. ಅವರು ನಿಂತರು, ಚಪ್ಪಲಿ ಬಿಟ್ಟರು, ಕಣ್ಣು ಮುಚ್ಚಿ ನನಗೆ ಕೈ ಮುಗಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬೇಗ ಬೇಗ ಮುಂದೆ ಹೋದರು. ವೇದಿಕೆಯ ಮೇಲೆ ಐವರು ಕೆಂಪು ರಾಜರ ಜೊತೆ ಫೋಟೋ ತೆಗೆಸಿಕೊಂಡರು.

ನನಗೆ ಅಳು ಬರಲಿಲ್ಲ, ನಗು ಬರಲಿಲ್ಲ. ಎಲ್ಲಾದರೂ ಉದ್ದಕ್ಕೆ ಮಲಗಿದರೆ ಸಾಕು ಅನ್ನಿಸಿತು.

ಬಸ್ ಸ್ಟ್ಯಾಂಡಿಗೆ ಬಂದೆ. ಸಂತೆಮರಹಳ್ಳಿಯ ಬಸ್ಸು ಹೊರಡಲು ನಿಂತಿತ್ತು, ಅಲ್ಲಿ ಅಕ್ಕ ಕಾಯುತ್ತಿದ್ದಳು. ಶೌಚಾಲಯದ ಗೋಡೆಯ ಹಿಂದೆ ಹೋಗಿ ಬಿಳಿ ಶರ್ಟು ಹಾಕಿಕೊಳ್ಳೋಣವೆಂದು ಬ್ಯಾಗು ತೆಗೆದೆ. ಶರ್ಟಿನ ಮಡಿಕೆಗಳು ನಮ್ಮ ಅಂಗಡಿಯಲ್ಲಿ ಗಿರಾಕಿಗೆ ಕೊಡುವಾಗ ಮಡಿಸುವ ಹಾಗೇ ಇದ್ದವು. ಮದುವೆಯಾದ ಹೊಸತರಲ್ಲಿ ಆ ಮಡಿಕೆಯನ್ನು ಅವಳಿಗೆ ನಾನೇ ಕಲಿಸಿದ್ದೆ, ಆಗ ಅವಳನ್ನು ಅಮ್ಮಿ ಎಂದು ಕರೆಯುತ್ತಿದ್ದೆ. ಕರೆಯುವುದು ಯಾವಾಗ ನಿಂತಿತೋ ಜ್ಞಾಪಕ ಬರಲಿಲ್ಲ. ಶರ್ಟು ಹಾಗೇ ಬ್ಯಾಗಿಗೆ ಇಟ್ಟು, ಅದೇ ಕಪ್ಪು ವೇಷದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ದೊಡ್ಡ ನಿರ್ಧಾರ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಸ ಮನೆಯಲ್ಲಿ ಕೂತು ಕಾಫಿ ಕುಡಿದು ಹಲ್ಲು ಕಿರಿಯುವ ತ್ರಾಣ ನನ್ನಲ್ಲಿ ಇರಲಿಲ್ಲ.

ಮನೆ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ಅವಳು ಜಗಲಿಯ ಮೇಲೆ ಎಳ್ಳಿನ ದೀಪ ಹಚ್ಚಿಟ್ಟು ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

"ಸಂತೆಮರಳ್ಳಿಗೆ ಓಗ್ನಿಲ್ವಾ?"

"ಇಲ್ಲ" ಎಂದೆ. ದಿನದ ಸಿಟ್ಟೆಲ್ಲ ಅವಳ ಮೇಲೆ ಬಂತು. "ಅದು ಕೆಂಪಂತೆ. ಎಲ್ಲರ ಮುಂದೆ ಮಾನ ಹೋಯ್ತು. ಕರೀದು ಅಂದ್ಯಲ್ಲಾ ನೀನು?"

"ಕೆಂಪು ಅಂತ ನಂಗೊತ್ತಿತ್ತು" ಎಂದಳು. "ನಮ್ಮಪ್ಪನ ಮನೇಲಿ ಆ ಕ್ಯಾಲೆಂಡರು ಇತ್ತು."

ನಾನು ನಿಲುವಂಗಿಯ ಗುಂಡಿಗೆ ಕೈ ಹಾಕಿದೆ.

"ಕೆಂಪು ಅಂದಿದ್ರೆ ಕರೀದು ವೊಲೀತಿದ್ರಾ? ಸನಿವಾರ, ಆ ವೇಸದಲ್ಲಿ, ನಮ್ಮನೆ ಬಾಗಿಲ್ಗೆ ಬತ್ತಿದ್ರಾ?" ಎರಡು ವರ್ಷದಲ್ಲಿ ಅವಳು ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. "ಬೆಳಗ್ಗೇನೇ ಕೇಳನ ಅಂತಿದ್ದೆ. ಸಂಜೆ ನೀವು ಇಲ್ಲಿಗೆ ಬಂದ್ರೆ ಕೇಳದು, ಅಲ್ಲಿಗೋದ್ರೆ ಕೇಳಿ ಏನು ಬಂತು ಅಂತ ಸುಮ್ಕಾದೆ. ಈಗ ತೆಗೀಬ್ಯಾಡಿ ಅದ. ಕಿರೀಟ ಇಟ್ಕಳಿ. ಒಂದು ಮಾತು ಬುಟ್ಟೆ ಅನ್ನಿ."

ದೀಪವನ್ನು ಎತ್ತಿ ನನ್ನ ಮುಂದೆ ಹಿಡಿದಳು. ನಾನು ಕಿರೀಟ ಇಟ್ಟುಕೊಂಡೆ. ಬೆಳಗ್ಗೆ ಯಾವಳೋ ಮುದುಕಿಗೆ ಎರಡೆರಡು ಸಲ ಅಂದಿದ್ದ ಮಾತು ಬಾಯಿಗೆ ಬರಲಿಲ್ಲ. ಗಂಡನಾದವನು ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ ಬುಟ್ಟೆ ಅನ್ನುವುದು ಹೇಗೆ? ಅಕ್ಕ ಊಟಕ್ಕೆ ಕೂತು ಹೇಳಿದ್ದು ಅದೇ ಮಾತನ್ನು. ನಾನು ಬಾಯಿ ಬಿಟ್ಟು ಅನ್ನದೆ, ಬೆಂಚಿನ ಮೇಲೆ ಕೂತು ಎರಡು ವರ್ಷದಿಂದ ಅಂದುಕೊಂಡು ಬಂದದ್ದೂ ಅದನ್ನೇ. ನಾಚಿಕೆಯಾಯಿತು. ಇಷ್ಟು ವರ್ಷದ ಮೇಲೆ ಬರೆಯುವಾಗಲೂ ಆಗುತ್ತಿದೆ.

"ನಿಮ್ಮ ಕೇಳ್ತಿಲ್ಲ" ಎಂದಳು, ನನ್ನ ಮನಸ್ಸು ಗೊತ್ತಾದವಳಂತೆ. "ಆವಯ್ಯನ ಕೇಳ್ತಾವ್ನಿ. ಅನ್ನಿ."

"ಬುಟ್ಟೆ" ಎಂದೆ.

ಅವಳು ದೀಪವನ್ನು ಜಗಲಿಯ ಮೇಲೆ ಇಟ್ಟು, ನನ್ನ ಕಾಲಿಗೆ ನಮಸ್ಕಾರ ಮಾಡಿ, ಅಲ್ಲೇ ಕುಕ್ಕರಿಸಿ ಕೂತು ಅತ್ತಳು. ಮಗು ಹೋದ ದಿನವೂ ಅವಳು ಹಾಗೆ ದನಿ ತೆಗೆದು ಅತ್ತಿರಲಿಲ್ಲ. ಪಕ್ಕದ ಮನೆಯವರು ಇಣುಕಿ ನೋಡಿ ಒಳಗೆ ಹೋದರು. ನಾನು ಕಿರೀಟ ತೆಗೆದೆ. ಗುಂಡಿ ಬಿಚ್ಚಿ, ಬೆವರಿಗೆ ಅಂಟಿದ್ದ ನಿಲುವಂಗಿಯನ್ನು ಕಿತ್ತು ಜಗಲಿಯ ಮೇಲೆ ಹಾಕಿ, ಬರೀ ಬನಿಯನ್, ಚಡ್ಡಿಯಲ್ಲಿ ಹೊಸಿಲ ಹೊರಗೆ ಅವಳ ಪಕ್ಕ ಕೂತೆ.

"ಆವಯ್ಯ ಬುಟ್ಟ" ಎಂದೆ. "ನಾ ಬುಟ್ಟಿಲ್ಲ ಕಣಮ್ಮಿ."

ಅವಳು ಸೆರಗಿನಲ್ಲಿ ಮೊದಲು ತನ್ನ ಮೂಗು ಒರೆಸಿಕೊಂಡಳು, ಆಮೇಲೆ ಅದೇ ಸೆರಗಿನಲ್ಲಿ ನನ್ನ ಕಾಡಿಗೆ ಮೀಸೆ ಒರೆಸಿದಳು. "ಒಳೀಕೆ ಬನ್ನಿ" ಎಂದಳು.